ಮೂರು ಮೊಳ ಒಂದು ಗೇಣು

ಗಗನಾಳ ಎಡ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಎರಡು ಹೆಣಿಗೆ ಹಾಕುವಷ್ಟರಲ್ಲಿ, ರಶ್ಮಿ ಹಲ್ಲಲ್ಲಿ ಕಚ್ಚಿಕೊಂಡಿದ್ದ ಕೆಂಪು ರಿಬ್ಬನ್ನನ್ನು ಯಾರೋ ಎಳೆದುಕೊಂಡರು. ಯಾರೋ ಏನು, ಗಂಡನೇ.

"ಉದ್ದ ಇದೆ, ಚಪ್ಪಟೆ ಇದೆ, ಎಳೆದ್ರೆ ಹಿಗ್ಗಲ್ಲ," ಎಂದು ಸೋಮನಾಥ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸಿದ. "ಇದೇ ಬೇಕಿತ್ತು ನಂಗೆ."

"ಅದು ಅವಳ ಜಡೆಗೆ."

"ಜಡೆ ಎಲ್ಲಿಗೂ ಹೋಗಲ್ಲ ಮಾರಾಯ್ತಿ."

ಜಡೆ ಎಲ್ಲಿಗೂ ಹೋಗುವುದಿಲ್ಲ ಎನ್ನುವುದು ನಿಜ. ಆದರೆ ಜಡೆಯ ಒಡತಿ ಎಂಟೂವರೆಯ ಶಾಲಾ ವ್ಯಾನಿಗೆ ಹೋಗಬೇಕಿತ್ತು. ಒಲೆಯ ಮೇಲೆ ದೋಸೆ ಕಾವಲಿ ಕಾಯುತ್ತಿತ್ತು, ಟಿಫಿನ್ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು. ಇಷ್ಟರ ನಡುವೆ ಊಟದ ಮೇಜಿನ ಮೇಲೆ, ಹಾಸಿದ ಹಳೆ ಪೇಪರಿನ ಮೇಲೆ, ಮನೆಗೆ ಬಂದ ಹೊಸ ಅಳಿಯನ ಗತ್ತಿನಲ್ಲಿ ಮಲಗಿತ್ತು ಮದ್ದಿನ ಕೊಂಬು.

ಅದನ್ನು ನೋಡಿದಾಗಲೆಲ್ಲ ರಶ್ಮಿಯ ಸಿಟ್ಟು ಅರ್ಧ ಇಳಿದುಬಿಡುತ್ತಿತ್ತು. ಅಷ್ಟು ಚೆಂದದ ವಸ್ತು ಅದು. ಸೋಮನಾಥನ ಹುಟ್ಟೂರು ಸೀತೂರಿನ ಮನೆಯಲ್ಲಿ ಎಂದೋ ವಯಸ್ಸಾಗಿ ಸತ್ತ ಎಮ್ಮೆಯೊಂದರ ಕೊಂಬನ್ನು ಯಾರೋ ತಿಂಗಳುಗಟ್ಟಲೆ ಹೆರೆದು ಹೆರೆದು, ಬೆಳಕಿಗೆ ಹಿಡಿದರೆ ಜೇನುತುಪ್ಪದ ಬಣ್ಣ ಕಾಣುವಷ್ಟು ತೆಳ್ಳಗೆ ಮಾಡಿದ್ದರು. ಒಳಗೆ ಕೋವಿಮದ್ದು ಎಷ್ಟು ಉಳಿದಿದೆ ಎಂದು ಮುಚ್ಚಳ ತೆಗೆಯದೆಯೇ ತಿಳಿಯಬೇಕಲ್ಲ, ಅದಕ್ಕೆ. ಅಗಲದ ಬುಡಕ್ಕೆ ಹಲಸಿನ ಮರದ ಬಿಲ್ಲೆ, ಸಣ್ಣ ಬಾಯಿಗೆ ಬಿದಿರಿನ ಬಿರಡೆ. ಎರಡು ತುದಿಯಲ್ಲೂ ಪಟ್ಟಿ ಕಟ್ಟಲು ಕೊರೆದ ಕಚ್ಚು. ಪಟ್ಟಿ ಮಾತ್ರ ಇರಲಿಲ್ಲ, ಎಂದೋ ಇಲಿ ತಿಂದಿತ್ತು.

ಕೊಂಬು ಸೋಮನಾಥನ ದೊಡ್ಡಪ್ಪ ಮರುಳಸಿದ್ದಪ್ಪನವರದು. ಎಂಬತ್ತಾರರ ಅಜ್ಜ. ಒಂದು ಕಾಲದಲ್ಲಿ ಕೇಪಿನ ಕೋವಿ ಹೆಗಲಿಗೇರಿಸಿ, ಈ ಕೊಂಬನ್ನು ಬಗಲಿಗೆ ಹಾಕಿಕೊಂಡು ಗದ್ದೆ ಕಾಯುತ್ತಿದ್ದವರು. ಕೋವಿಗೆ ಮದ್ದು ತುಂಬಿ, ಮೇಲೆ ತೆಂಗಿನ ನಾರು ತುರುಕಿ, ಆಕಾಶಕ್ಕೆ ಈಡು ಹಾರಿಸುತ್ತಿದ್ದರೇ ವಿನಾ ಒಂದು ದಿನವೂ ಚರೆಗುಂಡು ಹಾಕಿದವರಲ್ಲ. "ಹಂದಿಗೆ ಹೆದರಿಕೆ ಸಾಕು, ಸಾವು ಎಂತಕ್ಕೆ" ಎನ್ನುತ್ತಿದ್ದರು. ಲೈಸೆನ್ಸ್ ಮುಗಿದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಕೊಂಬು ಮನೆಯಲ್ಲೇ ಉಳಿಯಿತು, ಏಕೆಂದರೆ ಯಾವ ಫಾರಂನಲ್ಲೂ ಕೊಂಬಿಗೆಂದು ಕಾಲಂ ಇರಲಿಲ್ಲ.

ಹಿಂದಿನ ದಿನ ಭಾನುವಾರ ಅಜ್ಜ ಸೀತೂರಿಗೆ ಎಲ್ಲರನ್ನೂ ಕರೆದಿದ್ದರು. "ಸತ್ತ ಮೇಲೆ ನೀವು ಕಿತ್ತಾಡೋದು ನೋಡೋ ಭಾಗ್ಯ ನಂಗಿಲ್ಲ. ಈಗ್ಲೇ ಕಿತ್ತಾಡಿ, ನೋಡ್ತೀನಿ," ಎಂದು ದೀಪ, ಕೊಡಲಿ, ತಕ್ಕಡಿ ಎಲ್ಲ ಹಂಚಿದರು. ಕೊನೆಗೆ ಉಳಿದದ್ದು ಕೊಂಬು. ಅದನ್ನು ಕೇಳಿದವರು ಇಬ್ಬರು. ಒಬ್ಬ ಪ್ರಸನ್ನಕುಮಾರ್, ಸೋಮನಾಥನ ಚಿಕ್ಕಪ್ಪನ ಮಗ, ಶೃಂಗೇರಿ ಹತ್ತಿರ ಹೋಂಸ್ಟೇ ಇಟ್ಟವನು. ಅಜ್ಜಿಯ ಒರಳುಕಲ್ಲನ್ನು ಈಗಾಗಲೇ ಕೈತೊಳೆಯುವ ಬೇಸಿನ್ ಮಾಡಿದ ಕೀರ್ತಿ ಅವನದು. "ಒಳಗೆ ಎಲ್‌ಇಡಿ ಬಲ್ಬು ಹಾಕಿ ರಿಸೆಪ್ಷನ್ನಲ್ಲಿ ತೂಗುಬಿಡ್ತೀನಿ ದೊಡ್ಡಪ್ಪ, ಗೆಸ್ಟುಗಳು ಸೆಲ್ಫಿ ತಗೊಳ್ತಾರೆ," ಎಂದ.

ಇನ್ನೊಬ್ಬ ಸೋಮನಾಥ. ಅವನು ಕಾರಣ ಹೇಳಲಿಲ್ಲ. ಏಳು ವರ್ಷದವನಿದ್ದಾಗ ಈ ದೊಡ್ಡಪ್ಪನ ಹಿಂದೆ ಗದ್ದೆಯ ಬದುವಿನ ಮೇಲೆ ನಡೆಯುತ್ತಾ, ಜಾರದಿರಲೆಂದು ಕೊಂಬಿನ ಪಟ್ಟಿಯನ್ನು ಹಿಡಿದುಕೊಳ್ಳುತ್ತಿದ್ದದ್ದು ರಶ್ಮಿಗೆ ಮಾತ್ರ ಗೊತ್ತಿತ್ತು.

ಅಜ್ಜ ಇಬ್ಬರನ್ನೂ ನೋಡಿ ಕೊಂಬನ್ನು ಸೋಮನಾಥನ ಕೈಗಿಟ್ಟರು. "ಒಂದು ವಾರ ಟೈಮು. ಪಟ್ಟಿ ಕೂರಿಸ್ಕೊಂಡು ಬಾ. ಮೂರು ಪರೀಕ್ಷೆ. ಸುಮ್ನೆ ನಿಂತ್ರೆ ಮೊಣಕೈ ಕೊಂಬಿನ ಬೆನ್ನ ಮೇಲೆ ಕೂರಬೇಕು. ಬಗ್ಗಿದ್ರೆ ಕೊಂಬು ಮುಂದಕ್ಕೆ ತೂಗಬಾರದು. ಪಟ್ಟಿ ತೆಗೀದೆ ಕೊಂಬಿನ ಬಾಯಿ ನಿನ್ನ ಬಾಯಿಗೆ ಸಿಗಬೇಕು, ಬಿರಡೆ ಹಲ್ಲಲ್ಲಿ ಕೀಳೋಕೆ. ಬಕಲು ಗಿಕಲು ಬೇಡ, ಮದ್ದಿನ ಹತ್ರ ಕಬ್ಬಿಣ ಆಗಲ್ಲ. ಪಟ್ಟಿ ಮೂರು ಮೊಳ ಒಂದು ಗೇಣು, ಒಂದು ಬೆರಳು ಹೆಚ್ಚೂ ಇಲ್ಲ ಕಮ್ಮಿನೂ ಇಲ್ಲ. ಕೂರಲಿಲ್ಲ ಅಂದ್ರೆ ಪ್ರಸನ್ನ ಬಲ್ಬು ಹಾಕ್ಕೊಳ್ಲಿ. ಗೊತ್ತಾಯ್ತಾ?"

"ಗೊತ್ತು ದೊಡ್ಡಪ್ಪ," ಎಂದ ಸೋಮನಾಥ.

ಇಲ್ಲಿಯೇ ಕಥೆ ಕೆಟ್ಟದ್ದು. ಸೋಮನಾಥನಿಗೆ ಗೊತ್ತಿರಲಿಲ್ಲ. ಆದರೆ ಕೊಪ್ಪದ ತಾಲ್ಲೂಕು ಕಚೇರಿಯ ಎದುರಿಗೆ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟವನು ಅವನು. ಪಹಣಿ, ಆಧಾರ್ ತಿದ್ದುಪಡಿ, ವಿಧವಾ ವೇತನ, ಏನೇ ಇರಲಿ, ದಿನಕ್ಕೆ ನೂರು ಜನ ಅವನ ಮುಂದೆ ಬಂದು ಕೇಳುತ್ತಿದ್ದರು, ಅವನು ಹೇಳುತ್ತಿದ್ದ. ಕುಂಕುಮ ಅಳಿಸಿಕೊಂಡು ಬಂದ ಹೆಂಗಸರ ಅರ್ಜಿಗಳನ್ನು ಅವನು ಎಷ್ಟು ತಾಳ್ಮೆಯಿಂದ ತುಂಬುತ್ತಿದ್ದ ಎಂದು ರಶ್ಮಿ ಕಣ್ಣಾರೆ ನೋಡಿದ್ದಳು, ನೋಡಿ ಹೆಮ್ಮೆಪಟ್ಟಿದ್ದಳು. ಆದರೆ ಹದಿನೈದು ವರ್ಷ ಬರೀ ಉತ್ತರ ಹೇಳಿದ ಮನುಷ್ಯನ ಬಾಯಲ್ಲಿ ಪ್ರಶ್ನೆ ಹುಟ್ಟುವುದು ನಿಂತುಹೋಗಿತ್ತು.

ಮಗಳದೂ ಹೆಚ್ಚುಕಡಿಮೆ ಅದೇ ಕಾಯಿಲೆ, ಬೇರೆ ಕಾರಣಕ್ಕೆ. ಗಗನಾ ಮೂರನೇ ಕ್ಲಾಸು. ಏನಾದರೂ ಕೇಳಬೇಕೆನಿಸಿದರೆ ಬಲಗೈಯ ತೋರುಬೆರಳನ್ನು ಭುಜದವರೆಗೆ ಎತ್ತುತ್ತಿದ್ದಳು. ಯಾರಾದರೂ ನೋಡಿದ ಕೂಡಲೇ ಅದೇ ಬೆರಳಲ್ಲಿ ಕಿವಿ ಕೆರೆದುಕೊಂಡು ಇಳಿಸಿಬಿಡುತ್ತಿದ್ದಳು. "ಜಾಣೆ, ಆದ್ರೆ ಬಾಯೇ ಬಿಡಲ್ಲ. ಒಂದು ಪ್ರಶ್ನೆ ಕೇಳಲ್ಲ," ಎಂದು ಟೀಚರ್ ಹೇಳಿದಂದಿನಿಂದ ರಶ್ಮಿಗೆ ಆ ಬೆರಳಿನ ಮೇಲೇ ಕಣ್ಣು.

"ನೀನು ಅಳೆ," ಎಂದು ಸೋಮನಾಥ ರಿಬ್ಬನ್ನನ್ನು ಹೆಂಡತಿಗೆ ಕೊಟ್ಟ. "ನನ್ನ ಮೊಳ ಲೆಕ್ಕಕ್ಕಿಲ್ಲ."

ಅವನ ಕೈಗಳು ಗಿಡ್ಡ. ಸೀತೂರಿನ ಶಾಲೆಯಲ್ಲಿ ಅವನನ್ನು ಮೋಟುಗೈ ಸೋಮ ಎಂದೇ ಕರೆಯುತ್ತಿದ್ದರು. ಯಾವ ತುಂಬುತೋಳಿನ ಅಂಗಿ ತಂದರೂ ಎರಡು ಮಡಿಕೆ ಮಡಚಿಯೇ ಹಾಕಬೇಕು. ಆ ಮಡಿಕೆಗಳನ್ನು ಇಸ್ತ್ರಿ ಮಾಡುವಾಗ ರಶ್ಮಿಗೆ ಯಾವಾಗಲೂ ಒಂದು ಬಗೆಯ ಪ್ರೀತಿ ಬರುತ್ತಿತ್ತು. ಅವನಿಗೆ ಮಾತ್ರ ತನ್ನ ಕೈ ಎಂದರೆ ಸರ್ಕಾರಿ ಮುದ್ರೆ ಇಲ್ಲದ ತೂಕದ ಬಟ್ಟು ಇದ್ದಂತೆ.

ರಶ್ಮಿ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಮೂರು ಸಲ ಅಳೆದು, ಒಂದು ಗೇಣು ಸೇರಿಸಿ ಗಂಟು ಹಾಕಿದಳು. ಸೋಮನಾಥ ರಿಬ್ಬನ್ನನ್ನು ಕೊಂಬಿಗೆ ಕಟ್ಟಿ ಹೆಗಲಿಗೆ ಹಾಕಿದ, ನೆಟ್ಟಗೆ ನಿಂತ, ಬಗ್ಗಿದ. ರಶ್ಮಿ ಗಂಡನಿಗಿಂತ ಎರಡು ಬೆರಳು ಎತ್ತರ. ಇದು ಆ ಮನೆಯಲ್ಲಿ ಯಾರೂ ಎತ್ತದ ವಿಷಯ. ಕೊಂಬು ಮುಂದಕ್ಕೆ ತೂಗಿ ದೋಸೆ ಹಿಟ್ಟಿನ ಪಾತ್ರೆಗೆ ಮೂತಿ ಅದ್ದಿತು.

ಗಗನಾ ಬೆರಳೆತ್ತಿದಳು. ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು.

"ಆಮೇಲೆ ಕೇಳು ಮಗಾ," ಎಂದಳು ರಶ್ಮಿ. ಆ ಮಾತು ಆಡಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಒಂದು ಜಡೆ ಕಟ್ಟಿಕೊಂಡು ಒಂದು ಜಡೆ ಬಿಟ್ಟುಕೊಂಡು ಹುಡುಗಿ ವ್ಯಾನ್ ಹತ್ತಿ ಆಗಿತ್ತು.

ಮಾರನೆಯ ದಿನ ಕರಿಬೇವು ಕೇಳಿಕೊಂಡು ಬಂದ ಪಕ್ಕದ ಮನೆಯ ಪ್ರೇಮಕ್ಕ ಸೋಮನಾಥನ ಅವಸ್ಥೆ ನೋಡಿ ಬಾಗಿಲಲ್ಲೇ ನಿಂತರು. ಪ್ರೇಮಕ್ಕ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷದಿಂದ ಹೂವು ಮಾರುವವರು.

"ಮೊಳ ಹಾಕೋಕೆ ನನ್ನ ಬಿಟ್ಟು ಊರೆಲ್ಲ ಹುಡುಕ್ತಿದ್ದೀರಾ? ನನ್ನ ಮೊಳದಲ್ಲಿ ಎಷ್ಟು ಮದುವೆ ಆಗಿದೆ ಗೊತ್ತುಂಟಾ? ತನ್ನಿ ಇಲ್ಲಿ."

ಪ್ರೇಮಕ್ಕನಿಗೆ ಎರಡು ಮೊಳ ಇದ್ದವು. ತೋಟದವರಿಂದ ಹೂವು ಕೊಳ್ಳುವಾಗ ಬೆರಳುಗಳೆಲ್ಲ ನೆಟ್ಟಗಾಗಿ ಉಗುರಿನಾಚೆಗೂ ಒಂದಿಷ್ಟು ಗಾಳಿ ಸೇರಿಸಿಕೊಳ್ಳುವ ಮೊಳ ಒಂದು. ಗಿರಾಕಿಗೆ ಮಾರುವಾಗ ಬೆರಳುಗಳು ನಾಚಿಕೊಂಡು ಅಂಗೈಗೆ ಮಡಚಿಕೊಳ್ಳುವ ಮೊಳ ಇನ್ನೊಂದು. ಅಭ್ಯಾಸ ಬಲ. ರಿಬ್ಬನ್ ಕೈಗೆ ಬಂದೊಡನೆ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಎಷ್ಟು ಬೇಗ, ಎಷ್ಟು ನಯವಾಗಿ ಅಳೆದರೆಂದರೆ, ಮೋಸ ಆಗುತ್ತಿದೆ ಎಂದು ಗೊತ್ತಿದ್ದೂ ರಶ್ಮಿ ಬಾಯಿ ತೆರೆದು ನೋಡಿದಳು. ಮೂವತ್ತು ವರ್ಷದ ಕಸುಬು ಅಂದರೆ ಹಾಗಿರುತ್ತದೆ.

ಆ ಅಳತೆಯಲ್ಲಿ ಕೊಂಬು ಸೋಮನಾಥನ ಕಂಕುಳಲ್ಲಿ ಥರ್ಮಾಮೀಟರಿನಂತೆ ಸಿಕ್ಕಿಕೊಂಡಿತು.

"ಜ್ವರ ಎಷ್ಟಿದೆ ನೋಡಿ," ಎಂದರು ಪ್ರೇಮಕ್ಕ, ಗಂಭೀರವಾಗಿ.

ಹೊರಡುವಾಗ ಕರಿಬೇವನ್ನು ಮರೆತರು, ಸುದ್ದಿಯನ್ನು ಮರೆಯಲಿಲ್ಲ. ಮಲ್ಲಿಗೆ ಮೊಳವೊಂದಕ್ಕೆ ಒಂದೊಂದು ವಾಕ್ಯದಂತೆ ಸುದ್ದಿ ಬಸ್‌ಸ್ಟ್ಯಾಂಡಿನಿಂದ ಹೊರಟಿತು. ಬೆಳಿಗ್ಗೆ ಹತ್ತಕ್ಕೆ "ಸೋಮನಾಥ್ ಮನೆಯಲ್ಲಿ ಕೊಂಬಿದೆ" ಎಂದಿದ್ದದ್ದು, ಪಕ್ಕದ ನಾರ್ವೆ ಊರಿನ ಬಸ್ಸು ಹೋಗಿ ಬರುವಷ್ಟರಲ್ಲಿ "ಕಾಡುಕೋಣದ ಕೊಂಬು" ಆಯಿತು. ಮಧ್ಯಾಹ್ನದ ಹೊತ್ತಿಗೆ ಸೋಮನಾಥನೇ ಕಾಡುಕೋಣ ಹೊಡೆದಿದ್ದ. ಸೊಳ್ಳೆ ಬ್ಯಾಟಿನಲ್ಲಿ ಸೊಳ್ಳೆ ಸತ್ತಾಗ "ಛೆ" ಎನ್ನುವ ಮನುಷ್ಯ.

ಬುಧವಾರ ಬೆಳಿಗ್ಗೆ ಖಾಕಿ ಹಾಕಿಕೊಂಡು ಫಾರೆಸ್ಟ್ ಗಾರ್ಡ್ ಶೇಷಪ್ಪ ಬಾಗಿಲಿಗೆ ಬಂದರು. ಹಿಂದಿನ ಬೀದಿಯವರೇ. ಬಾಗಿಲಿಗೆ ಬಗ್ಗಿಯೇ ಒಳಬರಬೇಕಾದಷ್ಟು ಉದ್ದದ ಆಳು.

"ಕಂಪ್ಲೇಂಟ್ ಬಂದಿದೆ ಸೋಮಣ್ಣ. ನಿಮ್ಮ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೆ ಕಂಪ್ಲೇಂಟ್ ಮೇಲೆ ಅನುಮಾನ ಪಡೋಕೆ ನಂಗೆ ಅಧಿಕಾರ ಇಲ್ಲ."

ಸೋಮನಾಥ ಬಿಳಚಿಕೊಂಡ. "ಎಮ್ಮೇದು ಶೇಷಪ್ಪ. ದೊಡ್ಡಪ್ಪನ ಮನೆ ಎಮ್ಮೆ. ಅದಕ್ಕೆ ಗೌರಿ ಅಂತ ಹೆಸರಿತ್ತಂತೆ."

"ಹೆಸರಿಗೆ ದಾಖಲೆ ಉಂಟಾ?"

ಜನರ ಹೆಸರಿಗೆಲ್ಲ ದಾಖಲೆ ಮಾಡಿಕೊಡುವ ಸೋಮನಾಥನ ಹತ್ತಿರ ಎಮ್ಮೆಯ ಹೆಸರಿಗೆ ದಾಖಲೆ ಇರಲಿಲ್ಲ. ಶೇಷಪ್ಪ ಕೊಂಬನ್ನು ಕೈಗೆತ್ತಿಕೊಂಡರು, ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು, ಮೂಸಿದರು, ಉಬ್ಬುಗಳ ಮೇಲೆ ಹೆಬ್ಬೆರಳು ಓಡಿಸಿದರು. ಕಾಡಿನಲ್ಲಿ ಇಪ್ಪತ್ತು ವರ್ಷ ಅಲೆದವರ ಬೆರಳು ಅದು.

"ಎಮ್ಮೇದೇ," ಎಂದು ನೋಟ್‌ಬುಕ್ ತೆಗೆದು, ಸ್ಥಳ ಪರಿಶೀಲಿಸಲಾಗಿ ಎಮ್ಮೆ ಎಂದು ಕಂಡುಬಂದಿರುತ್ತದೆ ಎಂದು ಬರೆದುಕೊಂಡರು. ಬರೆದಾದ ಮೇಲೆ ಅವರ ದನಿ ಬದಲಾಯಿತು. ಕೊಂಬನ್ನು ಕಿಟಕಿಗೆ ಹಿಡಿದು, "ಏನು ಕೆಲಸ ಮಾರಾಯ್ರೆ ಇದು. ಇಷ್ಟು ತೆಳ್ಳಗೆ ಹೆರೀಬೇಕಾದ್ರೆ ಮನುಷ್ಯನಿಗೆ ಎಷ್ಟು ಸಮಾಧಾನ ಬೇಕು," ಎಂದು ಟೋಪಿ ತೆಗೆದು ಪಕ್ಕಕ್ಕಿಟ್ಟರು. "ಪಟ್ಟಿ ಎಷ್ಟುದ್ದ?"

"ಮೂರು ಮೊಳ ಒಂದು ಗೇಣು."

"ಅಷ್ಟೇನಾ? ಹಿಡೀರಿ ರಿಬ್ಬನ್ನು."

ಶೇಷಪ್ಪನವರ ಮೊಳದಲ್ಲಿ ಕೊಂಬು ಸೋಮನಾಥನ ಮೊಣಕಾಲಿಗೆ ಬಂತು. ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದ. ಹೆಜ್ಜೆಗೊಂದು ಸಲ ಕೊಂಬು ಮಂಡಿಚಿಪ್ಪಿಗೆ ಬಾರಿಸಿತು. ಮೂರು ದಿನದ ಮೂರು ಗಂಟುಗಳು ರಿಬ್ಬನ್ನಿನಲ್ಲಿ ಸಾಲಾಗಿ ಕೂತಿದ್ದವು. ಗಗನಾ ಅಷ್ಟೂ ದಿನ ಒಂಟಿ ರಿಬ್ಬನ್ನಿನಲ್ಲೇ ಶಾಲೆಗೆ ಹೋದಳು. ಬಲಗಡೆಯ ಜಡೆಗೆ ಅಮ್ಮನ ರಬ್ಬರ್ ಬ್ಯಾಂಡ್.

ಆ ಅಂಗಳದಲ್ಲೂ ಬೆರಳು ಎದ್ದಿತ್ತು. ಈ ಸಲ ರಶ್ಮಿ ಒಗೆಯುತ್ತಿದ್ದ ಬಟ್ಟೆ ಬಿಟ್ಟು, "ಏನು ಮಗಾ?" ಎಂದು ಕೇಳಿಯೇಬಿಟ್ಟಳು. ಶೇಷಪ್ಪ, ಸೋಮನಾಥ, ಕಾಂಪೌಂಡಿನಾಚೆಯ ಪ್ರೇಮಕ್ಕ, ಮೂವರೂ ತಿರುಗಿ ನೋಡಿದರು. ಬೆರಳು ಕಿವಿ ಕೆರೆಯಿತು.

"ಲೋಕಲ್ ಕೈಯಲ್ಲಿ ಆಗೋದಲ್ಲ ಇದು," ಎಂದು ಸೋಮನಾಥ ಘೋಷಿಸಿದ. ಮೊಬೈಲ್ ತೆಗೆದು ಹುಡುಕಿದ. ಒಂದು ಮೊಳಕ್ಕೆ ಹದಿನೆಂಟು ಇಂಚು, ಒಂದು ಗೇಣಿಗೆ ಒಂಬತ್ತು ಎಂದು ಅದು ಹೇಳಿತು. ಒಟ್ಟು ಅರವತ್ತಮೂರು. ಅವನ ಮುಖದಲ್ಲಿ ಸರ್ವರ್ ಸರಿಹೋದ ದಿನದ ನೆಮ್ಮದಿ ಬಂತು.

ಶನಿವಾರ ಮೂವರೂ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋದರು. ಅಲ್ಲಿ ಅಬ್ದುಲ್ ಸತ್ತಾರ್ ಸಾಹೇಬರ ಅಂಗಡಿ. ಈಗ ಆಟೋ ಸೀಟು, ಟ್ರ್ಯಾಕ್ಟರ್ ಸೀಟು, ಶಾಲೆ ಬ್ಯಾಗು ಹೊಲಿಯುತ್ತಾರೆ. ಅವರ ತಂದೆ ಎತ್ತಿನ ಕೊರಳಿಗೆ ಗಂಟೆಪಟ್ಟಿ ಹೊಲಿಯುತ್ತಿದ್ದವರು. ಸೀತೂರಿನ ಎತ್ತುಗಳೆಲ್ಲ ಒಂದು ಕಾಲದಲ್ಲಿ ಆ ಪಟ್ಟಿಯಲ್ಲೇ ಕುಣಿದದ್ದು.

ಸತ್ತಾರ್ ಸಾಹೇಬರು ಕೊಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಎಳೆಮಗುವನ್ನು ತೆಗೆದುಕೊಂಡಂತೆ. ಅದರ ಒಳಬಾಗನ್ನು ತಮ್ಮ ಪಕ್ಕೆಲುಬಿಗೆ ಒತ್ತಿ ಹಿಡಿದು, "ನೋಡಿ, ಈ ಬಾಗು ಮೈಗೆ ಅಂತಲೇ ಆರಿಸಿದ್ದು. ಎಡ ಪಕ್ಕೆಗೆ. ಬಲಕ್ಕೆ ಹಾಕಿದ್ರೆ ಚುಚ್ಚುತ್ತೆ. ಮಾಡಿದವರು ದೊಡ್ಡ ಮನುಷ್ಯರು," ಎಂದರು. ಕೊರಳಿಂದ ಅಳತೆ ಟೇಪು ತೆಗೆದರು. "ನಿಂತ್ಕೊಳ್ಳಿ ಸಾರ್, ಮೈ ಅಳತೆ ತಗೊಳ್ತೀನಿ."

"ಅಳತೆ ಇದೆ. ಅರವತ್ತಮೂರು ಇಂಚು."

"ಕಾಗದದ ಅಳತೆ ಬೇರೆ ಸಾರ್, ಮೈ ಅಳತೆ ಬೇರೆ."

"ದೊಡ್ಡಪ್ಪ ಹೇಳಿದ ಲೆಕ್ಕ ಅದು."

ಸಾಹೇಬರು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. "ಹಿರಿಯರ ಮಾತು ಅಂದ್ರೆ ಅದಕ್ಕೆ ನಾನು ಕತ್ತರಿ ಹಾಕಲ್ಲ," ಎಂದು ಕೂತರು.

ಅವರು ಹೊಲಿಯುವುದನ್ನು ನೋಡುತ್ತಾ ರಶ್ಮಿಗೆ ಬಸ್ಸಿನ ಹೊತ್ತೇ ಮರೆತುಹೋಯಿತು. ಮೆತ್ತನೆಯ ತೊಗಲನ್ನು ಎರಡು ಬೆರಳಗಲ ಕೊಯ್ದರು. ಹೆಗಲ ಮೇಲೆ ಬರುವ ಕಡೆ ಮಾತ್ರ ನಾಲ್ಕು ಬೆರಳು ಬಿಟ್ಟರು, ಭಾರ ಹರಡಲೆಂದು. ಅಂಚನ್ನು ಜೇನುಮೇಣದಿಂದ ಉಜ್ಜಿ ದುಂಡಗೆ ಮಾಡಿದರು, ಕುತ್ತಿಗೆ ಕೊರೆಯಬಾರದೆಂದು. ಸೂಜಿ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುವಾಗ ದಾರ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಗಗನಾ ಬೆಂಚಿನ ಮೇಲೆ ತನ್ನ ಕೈಯನ್ನು ಮೊಣಕೈಯಿಂದ ಬೆರಳಿನವರೆಗೆ ಸಾಹೇಬರ ಕೈಯ ಪಕ್ಕದಲ್ಲಿಟ್ಟು ನೋಡಿದಳು. ಆಮೇಲೆ ಅಪ್ಪನ ಕೈಯ ಪಕ್ಕದಲ್ಲಿ. ಆಮೇಲೆ ಬೆರಳೆತ್ತಿದಳು.

"ಪಾಪು ಏನೋ ಕೇಳ್ತಿದೆ ಸಾರ್," ಎಂದರು ಸಾಹೇಬರು, ಕಣ್ಣೆತ್ತದೆ.

"ಇಲ್ಲ ಇಲ್ಲ, ಅವಳು ಕೇಳಲ್ಲ. ಸುಮ್ನೆ ಬೆರಳೆತ್ತೋದು."

ಪಟ್ಟಿಯನ್ನು ಕೊಡುವಾಗ ಸಾಹೇಬರು ಒಂದು ತುದಿ ತೋರಿಸಿದರು. "ಈ ಕಡೆ ಹೊಲಿಗೆ ಹಾಕಿಲ್ಲ, ಬರೀ ತೊಗಲಿನ ಗಂಟು. ಬಿಚ್ಚಿ ಎಳ್ಕೊಬಹುದು. ನಾಳೆ ಅಜ್ಜನ ಮುಂದೆ ಕೂರಿಸಿ, ಆಮೇಲೆ ತನ್ನಿ, ಮುಗಿಸ್ಕೊಡ್ತೀನಿ."

"ಯಾಕೆ, ನಿಮಗೆ ಅನುಮಾನವಾ?" ಎಂದ ಸೋಮನಾಥ.

"ನಂಗಲ್ಲ ಸಾರ್. ತೊಗಲಿಗೆ."

ಭಾನುವಾರ ಸೀತೂರಿನ ಬಸ್ಸಿನಲ್ಲಿ ಸೋಮನಾಥ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು, ಸಂದರ್ಶನಕ್ಕೆ ಹೊರಟವನಂತೆ ಕೂತಿದ್ದ. ಅಂಗಿಯ ತೋಳಿನ ಮಡಿಕೆಯನ್ನು ಬಿಚ್ಚುವುದು, ಮತ್ತೆ ಮಡಚುವುದು. ಹಿಂದಿನ ಸೀಟಿನಲ್ಲಿ ರಶ್ಮಿ ಮಗಳ ಕಿವಿಯ ಹತ್ತಿರ ಬಗ್ಗಿದಳು.

"ಒಂದು ವಾರದಿಂದ ಏನೋ ಕೇಳಬೇಕು ಅಂತಿದ್ದೀಯಲ್ಲ."

ಗಗನಾ ಕಿಟಕಿಯ ಕಡೆ ತಿರುಗಿದಳು. ಮೆಲ್ಲಗೆ, "ಕೇಳಿದ್ದು ತಪ್ಪಾದ್ರೆ?" ಎಂದಳು.

"ತಪ್ಪಾದ್ರೆ ತಪ್ಪು. ನಾವೆಲ್ಲ ಸೇರಿ ಒಂದು ವಾರದಿಂದ ಮಾಡ್ತಿರೋದು ಅದನ್ನೇ ಅಲ್ವಾ?"

ಹುಡುಗಿ ನಗಲಿಲ್ಲ. ಯೋಚನೆ ಮಾಡಿದಳು.

ಸೀತೂರಿನ ಜಗಲಿಯಲ್ಲಿ ಮನೆಮಂದಿ ಇಪ್ಪತ್ತೈದು ಜನ. ಮಧ್ಯದಲ್ಲಿ ಕುರ್ಚಿಯ ಮೇಲೆ ಮರುಳಸಿದ್ದಪ್ಪಜ್ಜ, ಕೈಯಲ್ಲಿ ಕಾಫಿ ಲೋಟ. ಕಂಬಕ್ಕೆ ಒರಗಿ ಪ್ರಸನ್ನಕುಮಾರ್. ಬರುವಾಗಲೇ ಶೃಂಗೇರಿಯಿಂದ ಬಲ್ಬು ಕೊಂಡು ತಂದಿದ್ದ. ಅದರ ಡಬ್ಬಿ ಜೇಬಿನಿಂದ ಅರ್ಧ ಇಣುಕುತ್ತಿತ್ತು.

ಅಜ್ಜ ಮೊದಲು ಪಟ್ಟಿಯನ್ನು ನೋಡಿದರು. ಹೆಗಲ ಅಗಲವನ್ನು ಒತ್ತಿ ನೋಡಿದರು, ಅಂಚನ್ನು ಕೆನ್ನೆಗೆ ಉಜ್ಜಿಕೊಂಡರು. "ಸತ್ತಾರನಾ? ಅವನಪ್ಪನ ಕೈ ಹಂಗೇ ಬಂದಿದೆ," ಎಂದರು. ಸೋಮನಾಥನ ಎದೆ ಎರಡು ಇಂಚು ಉಬ್ಬಿತು. "ಹಾಕ್ಕೋ."

ಹಾಕಿಕೊಂಡ. ನೆಟ್ಟಗೆ ನಿಂತ. ಕೊಂಬು ತೊಡೆಯ ಮೇಲೆ ಹೋಗಿ ಕೂತಿತು. ಮೊಣಕೈ ಗಾಳಿಯಲ್ಲಿ ಒಂದೇ ಉಳಿಯಿತು.

"ಬಗ್ಗು."

ಬಗ್ಗಿದ. ಕೊಂಬು ಮುಂದಕ್ಕೆ ತೂಗಿ ಅಜ್ಜನ ಕಾಫಿ ಲೋಟವನ್ನು ಉರುಳಿಸಿತು.

"ಬಿರಡೆ ಕೀಳು."

ಇದೊಂದರಲ್ಲಿ ಪಾಸಾದ. ಕೊಂಬಿನ ಬಾಯಿ ಅವನ ಬಾಯಿಗೂ ಸಿಕ್ಕಿತು, ಬೇಕಿದ್ದರೆ ಪಕ್ಕದಲ್ಲಿ ನಿಂತ ಪ್ರಸನ್ನನ ಬಾಯಿಗೂ ಸಿಗುವಷ್ಟು ಸಡಿಲವಾಗಿತ್ತು.

ಜಗಲಿಯಲ್ಲಿ ಒಂದೊಂದೇ ಬಾಯಿ ತೆರೆಯಿತು. ತೊಗಲು ಹಿಗ್ಗಿರಬೇಕು ಎಂದರು ಒಬ್ಬರು. ಈಗಿನ ಇಂಚು ಹಿಂದಿನ ಇಂಚಲ್ಲ ಎಂದರು ಇನ್ನೊಬ್ಬರು. ದೊಡ್ಡಪ್ಪನ ಕೈಯಲ್ಲೇ ಅಳೆದರೆ ಸರಿ ಎಂದು ಯಾರೋ ಅಜ್ಜನ ತೋಳನ್ನೇ ಹಿಡಿದು ಚಾಚಿಸಿದರು. ಅಜ್ಜನ ಕೈಯ ಮೂರು ಮೊಳ ಒಂದು ಗೇಣು ಅರವತ್ತಮೂರು ಇಂಚನ್ನೂ ದಾಟಿತು. ಆ ಲೆಕ್ಕದಲ್ಲಿ ಕೊಂಬು ನೆಲ ಗುಡಿಸುವುದೊಂದೇ ಬಾಕಿ. ಪ್ರಸನ್ನ ಮೊಬೈಲಿನಲ್ಲಿ ಅಳತೆಯ ಆ್ಯಪ್ ತೆರೆದು ಸೋಮನಾಥನ ಕಡೆ ಹಿಡಿದ. ಅದು ಅವನನ್ನು ಬಾಗಿಲು ಎಂದು ಗುರುತಿಸಿ ಎತ್ತರ ಹೇಳಿತು.

"ಹೋಗ್ಲಿ ಬಿಡೋ ಸೋಮ," ಎಂದ ಪ್ರಸನ್ನ. ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಇದು ಮೋಟುಗೈಯವರಿಗೆ ಮಾಡಿದ್ದಲ್ಲ. ನಮ್ಮ ಹೋಂಸ್ಟೇಗೆ ಬಾ, ಯಾವಾಗ ಬೇಕಾದ್ರೂ ನೋಡಬಹುದು."

ನಾಲ್ಕು ಜನ ನಕ್ಕರು. ಸೋಮನಾಥನೂ ನಕ್ಕ. ನಗುತ್ತಲೇ ಪಟ್ಟಿಯನ್ನು ತಲೆಯ ಮೇಲಿಂದ ತೆಗೆಯಲು ಹೊರಟ. ಅಂಗಿಯ ತೋಳಿನ ಮಡಿಕೆ ಬಿಚ್ಚಿ ಬೆರಳುಗಳನ್ನು ಮುಚ್ಚಿಕೊಂಡಿತು. ಪಟ್ಟಿ ಕಿವಿಗೆ ಸಿಕ್ಕಿಕೊಂಡಿತು. ರಶ್ಮಿ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಈಗ ಬಿಡಿಸಲು ಹೋದರೆ ಅವನಿಗೆ ಇನ್ನೂ ಕಷ್ಟ.

ಅಜ್ಜ ಒದ್ದೆಯಾದ ಪಂಚೆಯನ್ನು ಕೊಡವಿಕೊಂಡರು. "ನಂಗೂ ನಮ್ಮಪ್ಪ ಹೇಳಿದ್ದು ಇಷ್ಟೇ. ಮೂರು ಮೊಳ ಒಂದು ಗೇಣು. ನಾನೂ ಎಂಟು ದಿನ ಊರೆಲ್ಲ ಅಳೆಸಿದೆ. ಗೊತ್ತಿಲ್ಲ ಅನ್ನೋಕೆ ಮರ್ಯಾದೆ ನೋಡಿ. ಒಂದು ಮಾತು ಕೇಳಿದ್ರೆ ಮೊದಲ್ನೇ ದಿನಾನೇ ಮುಗೀತಿತ್ತು." ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಇಪ್ಪತ್ತೈದು ಜನ ಇದ್ದೀರಿ. ಅಳೆಯೋರು ಎಲ್ಲರೂ. ಕೇಳೋರು ಒಬ್ಬರೂ ಇಲ್ವಲ್ಲ."

"ಜಿಎಸ್‌ಟಿ ಬಿಲ್ ಕೊಟ್ಟಿದ್ದಾನಾ?" ಎಂದು ಕೇಳಿದರು ಒಬ್ಬ ಚಿಕ್ಕಪ್ಪ, ಕ್ಷೀಣವಾಗಿ.

"ಅದಲ್ಲ," ಎಂದರು ಅಜ್ಜ. ಇನ್ನೊಂದು ಸ್ವಲ್ಪ ಹೊತ್ತು ಕಾದರು. ಸೋಮನಾಥ ಪಟ್ಟಿಯನ್ನು ಕಿವಿಯಿಂದ ಬಿಡಿಸಿಕೊಂಡ. ಅಜ್ಜ ನಿಟ್ಟುಸಿರು ಬಿಟ್ಟು ಕೈ ಚಾಚಿದರು. "ಸರಿ. ಕೊಡು ಇಲ್ಲಿ. ಪ್ರಸನ್ನ, ಬಾ."

ಆಗ ಜಗಲಿಯ ಮೆಟ್ಟಿಲ ಹತ್ತಿರ ಒಂದು ತೋರುಬೆರಳು ಎದ್ದಿತು. ಭುಜದವರೆಗೆ ಬಂತು.

ಅಜ್ಜ ನೋಡಿದರು. ಪ್ರಸನ್ನ ನೋಡಿದ. ಇಪ್ಪತ್ತೈದು ಜನವೂ ತಿರುಗಿ ನೋಡಿದರು. ಬೆರಳು ಕಿವಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಅದು ಕಿವಿಯನ್ನು ದಾಟಿ, ತಲೆಯನ್ನು ದಾಟಿ, ಮೂರು ಗಂಟಿನ ಕೆಂಪು ರಿಬ್ಬನ್ ಕಟ್ಟಿದ್ದ ಬಲ ಜಡೆಯನ್ನೂ ದಾಟಿ, ತೋಳು ನೆಟ್ಟಗಾಗುವವರೆಗೆ ಮೇಲಕ್ಕೆ ಹೋಯಿತು.

"ದೊಡ್ಡಜ್ಜ," ಎಂದಳು ಗಗನಾ. ದನಿ ಜಗಲಿಯ ಕೊನೆಯವರೆಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು. "ಕೊಂಬು ಹಾಕ್ಕೊಳ್ಳೋದು ನಮ್ಮಪ್ಪ ಅಲ್ವಾ? ಹಂಗಾದ್ರೆ ನಮ್ಮಪ್ಪನ ಮೊಳದಲ್ಲಿ ಯಾಕೆ ಯಾರೂ ಅಳೀಲಿಲ್ಲ?"